ಹಿತ್ತಲ ಖೋಲಿಯ ಕಾದಂಬರಿ

ಕಾಗದವನ್ನು ತೊಳೆಯಲು ಬರುವುದಿಲ್ಲ. ಅಜ್ಜಿ ಕೊಟ್ಟ ಈ ಒಂದು ತೀರ್ಪಿನಿಂದಾಗಿ ಮಾನ್ವಿಯ ನಮ್ಮ ಮನೆಗೆ ಬಂದ ಕಾದಂಬರಿಯೊಂದು ಹಿತ್ತಲ ಖೋಲಿಯಲ್ಲೇ ಉಳಿದುಬಿಟ್ಟಿತು. ನಮ್ಮದು ವೈಷ್ಣವರ ಮನೆ, ಮಡಿ ಅಂದರೆ ಮಡಿ. ತಿಂಗಳ ಮೂರು ದಿನ ಹೆಂಗಸರು ಆ ಖೋಲಿಯಲ್ಲಿ ದೂರ ಕೂಡಬೇಕು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಉಟ್ಟಿದ್ದು ಹಾಸಿದ್ದು ಎಲ್ಲ ಒಗೆದುಕೊಂಡು ಒಳಗೆ ಬರಬೇಕು. ಸೀರೆಯನ್ನು ಒಗೆಯಬಹುದು, ತಟ್ಟೆಯನ್ನು ತಿಕ್ಕಬಹುದು, ಚಾಪೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಶುದ್ಧವಾಯಿತು ಎನ್ನಬಹುದು. ಪುಸ್ತಕಕ್ಕೆ ಏನು ಮಾಡುತ್ತೀರಿ? ಅವ್ವ ದೂರ ಕೂತಾಗ ಮುಟ್ಟಿದ ಪುಸ್ತಕ ಒಳಗೆ ಬರುವಂತಿಲ್ಲ, ಅಲ್ಲೇ ಗೋಡೆಯ ಗೂಡಿನಲ್ಲಿ ಬಿದ್ದಿರಲಿ ಎಂದಳು ಅಜ್ಜಿ. ಹೀಗೆ ನಮ್ಮ ಮನೆಯಲ್ಲಿ ಎರಡು ಥರದ ಪುಸ್ತಕಗಳಾದವು. ದೇವರ ಮನೆಯವನ್ನು ಸ್ನಾನ ಮಾಡಿ ಮುಟ್ಟಬೇಕು. ಖೋಲಿಯದನ್ನು ಸ್ನಾನ ಮಾಡುವ ಮುಂಚೆ ಮಾತ್ರ ಮುಟ್ಟಬೇಕು.

ಆ ಮನೆಯನ್ನು ಈಗ ನೆನೆದರೆ ಮೊದಲು ನೆನಪಾಗುವುದು ಅದರ ನೆಲ. ಮಣ್ಣಿನ ಮಾಳಿಗೆಯ ಮನೆ, ಕೆಳಗೆ ಫರಸಿ ಕಲ್ಲು. ಬೇಸಿಗೆಯ ಮಧ್ಯಾಹ್ನ ನಾವು ಹುಡುಗರು ಅಂಗಿ ಎತ್ತಿ ಬರೀ ಹೊಟ್ಟೆಯನ್ನು ಆ ಕಲ್ಲಿಗೆ ಹಚ್ಚಿ ಮಲಗುತ್ತಿದ್ದೆವು. ಪಡಸಾಲೆ, ನಡುಮನೆ, ಒಂದು ಕಡೆ ದೇವರು, ಒಂದು ಕಡೆ ಅಡಿಗೆ, ಹಿಂದೆ ಬಾವಿ, ಬಾವಿಯ ಆಚೆ ಈ ಖೋಲಿ. ಮೊದಲು ಅಲ್ಲಿ ಹತ್ತಿಕಟ್ಟಿಗೆ ಒಟ್ಟುತ್ತಿದ್ದರಂತೆ. ಬೇವಿನ ಗಿಡದ ಕಡೆಗೆ ಒಂದು ಕಿಟಕಿ ಇತ್ತು. ಇಡೀ ಮನೆಯಲ್ಲಿ ಗಾಳಿ ಆಡುವ ಜಾಗ ಅದೊಂದೇ, ಅದನ್ನೇ ಮೈಲಿಗೆಗೆ ಬಿಟ್ಟುಕೊಟ್ಟಿದ್ದರು ನಮ್ಮ ಹಿರಿಯರು. ಅಪ್ಪ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಪಾಠ ಹೇಳಿ, ಸಿಟ್ಟು ಬಂದಾಗ ಮತ್ತೆ ಉರ್ದುವಿಗೆ ಹೋಗುವವನು. ಅಪ್ಪನ ತಾಯಿ ನಮ್ಮ ಅಜ್ಜಿ. ಏಕಾದಶಿ ಯಾವತ್ತು ಎಂದು ಪಂಚಾಂಗ ತೆರೆಯದೆ ಬೆರಳ ಗೆಣ್ಣಿನ ಮೇಲೆ ಎಣಿಸಿ ಹೇಳುತ್ತಿದ್ದಳು, ಒಮ್ಮೆಯೂ ತಪ್ಪಿದ್ದಿಲ್ಲ. ನಾನು ಇಂದಿರಾ, ಎಲ್ಲರ ಬಾಯಲ್ಲಿ ಇಂದು.

ಉಳಿದವಳು ಅವ್ವ. ಅವ್ವನನ್ನು ಬರೆಯುವುದು ಕಷ್ಟ, ಏಕೆಂದರೆ ಅವಳು ಒಂದು ಕಡೆ ನಿಂತಿದ್ದನ್ನು ನಾನು ನೋಡಿದ್ದು ಕಡಿಮೆ. ಬೆಳಕು ಹರಿಯುವ ಮುಂಚೆ ನೀರು ಸೇದುವುದು, ಬಾಗಲವಾಡದ ಹೊಲದಿಂದ ಬಂದ ಜೋಳವನ್ನು ಹಸನು ಮಾಡುವುದು, ರೊಟ್ಟಿ ಬಡಿಯುವುದು, ಅಜ್ಜಿಯ ಚಾತುರ್ಮಾಸ್ಯಕ್ಕೆ ಒಂದು ತಿಂಗಳು ಕಾಯಿಪಲ್ಯೆ ಇಲ್ಲದ ಅಡಿಗೆ, ಇನ್ನೊಂದು ತಿಂಗಳು ಮೊಸರಿಲ್ಲದ ಅಡಿಗೆ, ಮತ್ತೊಂದು ತಿಂಗಳು ಹಾಲಿಲ್ಲದ್ದು, ಮತ್ತೊಂದು ತಿಂಗಳು ಬೇಳೆ ಇಲ್ಲದ್ದು. ಅದರ ನಡುವೆ ನಮಗೆ ಬೇರೆ. ಇಂಥ ಅವ್ವ ತಿಂಗಳಿಗೆ ಮೂರು ದಿನ ಹಿತ್ತಲ ಖೋಲಿಗೆ ಹೋಗುತ್ತಿದ್ದಳು. ಮೊದಲನೆಯ ದಿನ ಪೂರ್ತಿ ನಿದ್ದೆ. ಎರಡನೆಯ ದಿನ ಎದ್ದು ಕಿಟಕಿಯ ಬಳಿ ಕೂತು ಪುಸ್ತಕ ಹಿಡಿಯುವಳು. ಮೂರನೆಯ ದಿನವೂ ಅದೇ. ಆ ಮೂರು ದಿನ ಅಡಿಗೆ ಅಜ್ಜಿಯದು. ಗೊಣಗುತ್ತಲೇ ಮಾಡುವಳು, ಆದರೆ ಸಾರು ಮಾತ್ರ ನಾಲಿಗೆ ಚುರ್ ಎನ್ನುವಂತೆ ಮಾಡಿ, ಹೇಗಿದೆ ಎಂದು ನಮ್ಮ ಮುಖ ನೋಡುವಳು.

ಆ ಖೋಲಿಯನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ತಿಳಿಯಬೇಡಿ. ಚಳಿಗಾಲದಲ್ಲಿ ಅಲ್ಲಿ ಒಂದು ಹಳೆಯ ಜಮಖಾನೆ ಬಿಟ್ಟರೆ ಹೊದೆಯಲು ಏನೂ ಇರುತ್ತಿರಲಿಲ್ಲ. ನೀರು ಬೇಕೆಂದರೆ ಕೂಗಬೇಕು, ಕೂಗಿದರೂ ಯಾರಾದರೂ ಬಂದು ಮೇಲಿನಿಂದ ಹೊಯ್ಯುವ ತನಕ ಕಾಯಬೇಕು. ನನಗೆ ಜ್ವರ ಬಂದು ಅವ್ವ ಬೇಕೆಂದು ಅತ್ತಾಗ ಅವಳು ಹೊಸ್ತಿಲ ಆಚೆ ನಿಂತು ಕಣ್ಣು ಒರೆಸಿಕೊಂಡಿದ್ದು ನನಗೆ ನೆನಪಿದೆ. ನನ್ನ ಸಂಸಾರದಲ್ಲಿ ನಾನು ಆ ಪದ್ಧತಿ ನಡೆಸಲಿಲ್ಲ, ನನ್ನ ಮಗಳಿಗೆ ಅದರ ಹೆಸರೂ ಗೊತ್ತಿಲ್ಲ. ಅದು ಹೋದದ್ದು ಒಳ್ಳೆಯದೇ ಆಯಿತು. ಹೋದ ರೀತಿಯನ್ನು ಮಾತ್ರ ಹೇಳಬೇಕು, ಏಕೆಂದರೆ ಅದನ್ನು ಓಡಿಸಿದವಳು ನಾನು.

ಪುಸ್ತಕ ಬಂದದ್ದು ದೇವದುರ್ಗದಿಂದ, ಅವ್ವನ ತವರಿನಿಂದ. ನನ್ನ ಸೋದರಮಾವ ರಾಯಚೂರಿನ ಬಸ್‌ ಸ್ಟ್ಯಾಂಡಿನಲ್ಲಿ ಹೊತ್ತು ಹೋಗಲಿ ಎಂದು ಕೊಂಡು, ಅರ್ಧ ಓದಿ, ಬೇಸರವಾಗಿ ಬಿಟ್ಟಿದ್ದನಂತೆ. ಅವ್ವ ಪಂಚಮಿಗೆ ತವರಿಗೆ ಹೋದವಳು ಬರುವಾಗ ಟ್ರಂಕಿನಲ್ಲಿ ಎರಡು ಖಣ, ಒಂದು ಡಬ್ಬಿ ಶೇಂಗಾ ಉಂಡಿ, ಸೀರೆಗಳ ನಡುವೆ ಈ ಪುಸ್ತಕ ತಂದಳು. ಅದಕ್ಕೆ ಅರಿವೆ ಅಂಗಡಿಯ ಕಂದು ಕಾಗದದ ಹೊದಿಕೆ ಹಾಕಿದ್ದಳು. ಅದರ ಹೆಸರು ಹೇಳುವುದಿಲ್ಲ, ಹೇಳಿದರೂ ಈಗ ಅದು ಎಲ್ಲೂ ಸಿಗುವಂಥದ್ದಲ್ಲ. ನಳಿನಿ ಎಂಬ ಹುಡುಗಿ ಹದಿಮೂರರಿಂದ ಹದಿನೆಂಟರವರೆಗೆ ಬೆಳೆಯುವ ಕಥೆ. ಅವ್ವ ಕಲಿತದ್ದು ನಾಲ್ಕನೇ ಇಯತ್ತೆ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುವಳು. ಮೂರು ದಿನಕ್ಕೆ ಮೂವತ್ತು ಪುಟ ದಾಟಿದರೆ ಹೆಚ್ಚು. ನಾನು ಹೊಸ್ತಿಲಿನಿಂದ ಎರಡು ಮಾರು ದೂರದಲ್ಲಿ ಬಾವಿಯ ಕಟ್ಟೆಗೆ ಒರಗಿ ಕೂಡುತ್ತಿದ್ದೆ. ಓದಿದಷ್ಟನ್ನು ಅವ್ವ ನನಗೆ ತನ್ನ ಮಾತಿನಲ್ಲಿ ಹೇಳುವಳು. ನಳಿನಿ ತಂದೆಗೆ ಎದುರು ಮಾತಾಡಿದಳು, ನಳಿನಿಗೆ ಕನ್ನಡಕ ಬಂತು, ನಳಿನಿ ಗೆಳತಿಯ ಮನೆಯಲ್ಲಿ ಹೇಳದೆ ಕೇಳದೆ ಒಂದು ದಿನ ಉಳಿದಳು.

“ಮುಂದ?”

“ಮುಂದಿನ ತಿಂಗಳು.”

“ಈಗ ಒಂದು ನಾಲ್ಕು ಪುಟ ಓದವ್ವಾ.”

“ನಾಳೆ ನಂದು ನೀರು. ಹುಳೀಗೆ ಬ್ಯಾಳಿ ಯಾರು ಹಾಕ್ತಾರ, ನಿನ್ನ ನಳಿನಿ ಬಂದು ಹಾಕ್ತಾಳೇನು?”

ಹೀಗೆ ತಿಂಗಳಿಗೊಂದು ಕಂತಿನಲ್ಲಿ ನಳಿನಿ ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದಳು. ಆ ಪುಸ್ತಕವನ್ನು ಮುಟ್ಟಬೇಕಾದರೆ ನಾನು ಮೊದಲು ದೊಡ್ಡವಳಾಗಬೇಕಿತ್ತು. ಬೇರೆ ಹುಡುಗಿಯರು ಅದಕ್ಕೆ ಹೆದರುತ್ತಿದ್ದರು, ನಾನು ದಿನ ಎಣಿಸುತ್ತಿದ್ದೆ. ಒಂಬತ್ತನೇ ತರಗತಿಯಲ್ಲಿ ಆ ದಿನ ಬಂತು. ಅಜ್ಜಿ ಕೊಬ್ಬರಿ ಬೆಲ್ಲ ತಿನ್ನಿಸಿದಳು, ಓಣಿಯ ಹೆಂಗಸರು ಆರತಿ ಮಾಡಿ ನನ್ನ ಗಲ್ಲ ಹಿಂಡಿದರು, ನಾಚಿಕೊಳ್ಳಬೇಕಾದ ಹೊತ್ತಿನಲ್ಲಿ ನಾನು ಗೂಡಿನ ಕಡೆ ನೋಡುತ್ತಿದ್ದೆ. ಮೂರು ದಿನದಲ್ಲಿ ಪುಸ್ತಕ ಮುಗಿಸಿದೆ. ಅವ್ವ ಗುರುತಿಗೆ ಇಟ್ಟಿದ್ದ ಬೇವಿನ ಕಡ್ಡಿಯನ್ನು ಎಲ್ಲಿಂದ ತೆಗೆದೆ, ಎಲ್ಲಿಗೆ ಇಟ್ಟೆ ಎನ್ನುವುದನ್ನೂ ನೋಡಲಿಲ್ಲ.

ಆ ಪುಸ್ತಕದ ಬಗ್ಗೆ ನನಗಿರುವ ಭಾವನೆ ಇವತ್ತಿಗೂ ಒಂದೇ ಬಗೆಯದಲ್ಲ. ನಾನು ರಾಯಚೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಹಳ ವರ್ಷ ಕನ್ನಡ ಕಲಿಸಿದೆ. ಗಿಲ್ಲೆಸುಗೂರಿನ ಬಸ್ಸಿಳಿದು ಬರುತ್ತಿದ್ದ ಹುಡುಗಿಯರು, “ಟೀಚರ್, ನಮಗೊಂದು ಛಲೋ ಪುಸ್ತಕ ಹೇಳ್ರಿ” ಅಂದಾಗಲೆಲ್ಲ ಮೊದಲು ಬಾಯಿಗೆ ಬರುವುದು ಅದೇ, ಮೊದಲು ನುಂಗುವುದೂ ಅದನ್ನೇ. ನನ್ನ ವಯಸ್ಸಿನ ಹುಡುಗಿಯೊಬ್ಬಳ ತಲೆಯ ಒಳಗೆ ಏನು ನಡೆಯುತ್ತದೆ ಎಂದು ಬರೆಯಬಹುದು, ಅದು ಅಚ್ಚಾಗಬಹುದು ಎಂಬುದು ನನಗೆ ಅಲ್ಲೇ ಮೊದಲು ತಿಳಿದದ್ದು. ಅವಳು ತನ್ನ ಮೂಗನ್ನು ದ್ವೇಷಿಸುತ್ತಿದ್ದಳು, ನಾನೂ ನನ್ನದನ್ನು ದ್ವೇಷಿಸುತ್ತಿದ್ದೆ. ಅದನ್ನು ಓದಿ ಆ ಖೋಲಿಯಲ್ಲಿ ನಾನು ಜೋರಾಗಿ ಅತ್ತುಬಿಟ್ಟೆ, ಹೊಟ್ಟೆನೋವು ಎಂದು ತಿಳಿದು ಅಜ್ಜಿ ಓಮಿನ ಕಷಾಯ ಕುಡಿಸಿದಳು. ಆದರೆ ನಳಿನಿಯ ಮೇಲೆ ನನಗೆ ಸಿಟ್ಟೂ ಇತ್ತು. ಆ ಪುಸ್ತಕದಲ್ಲಿ ಯಾರೂ ಬೆವರುವುದಿಲ್ಲ. ಯಾರ ತಲೆಯಲ್ಲೂ ಹೇನಿಲ್ಲ. ನಳಿನಿ ಬೇಸರವಾದಾಗಲೆಲ್ಲ ಕಿಟಕಿಯ ಬಳಿ ನಿಂತು ಮಳೆ ನೋಡುತ್ತಾಳೆ. ನಮ್ಮೂರಲ್ಲಿ ಮಳೆಯನ್ನು ನಂಬಿ ಬೇಸರ ಮಾಡಿಕೊಳ್ಳಲು ಆಗುತ್ತದೆಯೆ? ಅವಳಿಗೆ ಹಸಿವೆ ಆದಾಗ ತಿಂಡಿ ತಾನಾಗಿ ಮೇಜಿನ ಮೇಲೆ ಬಂದಿರುತ್ತದೆ, ಯಾರು ತಂದರು ಎಂದು ಬರೆದಿಲ್ಲ. ಇದೆಲ್ಲ ನನಗೆ ಆಗ ಗೊತ್ತಾಗುತ್ತಿತ್ತು, ಗೊತ್ತಾದರೂ ಬೇಕಾಗಿರಲಿಲ್ಲ. ಕೋಣ ಕೊಬ್ಬಿದರೆ ಕಟ್ಟಿದ ಗೂಟ ಕಾಣುವುದಿಲ್ಲ, ನಾನು ಹಾಗಾಗಿದ್ದೆ.

ಕಾದಂಬರಿಯ ನಡುವೆ ಒಂದು ಪ್ರಸಂಗ ಬರುತ್ತದೆ. ನಳಿನಿಯ ಮನೆಯಲ್ಲೂ ದೂರ ಕೂಡುವ ಪದ್ಧತಿ. ಒಂದು ದಿನ ಅವಳು ಎದ್ದು ನೆಟ್ಟಗೆ ಅಡಿಗೆ ಮನೆಗೆ ಹೋಗಿ ನೀರಿನ ಕೊಡದ ಮೇಲೆ ಕೈಯಿಡುತ್ತಾಳೆ. ಎರಡನೆಯ ತಿಂಗಳು ನಾನೂ ಹಾಗೇ ಮಾಡಿದೆ. ಬೆಳಿಗ್ಗೆ ಅಪ್ಪ ಶಾಲೆಗೆ ಹೊರಟು ಊಟಕ್ಕೆ ಕೂತಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ಒದ್ದೆ ಸೀರೆಯಲ್ಲಿ ಬಾವಿಯಿಂದ ಸೇದಿ ತಂದ ಮಡಿನೀರಿನ ತಾಮ್ರದ ಕೊಡ ಕಟ್ಟೆಯ ಮೇಲಿತ್ತು. ನಾನು ಖೋಲಿಯಿಂದ ಎದ್ದು ಬಂದು ಎಲ್ಲರೂ ನೋಡುತ್ತಿದ್ದಂತೆ ಅದರ ಮೇಲೆ ಎರಡೂ ಕೈಯಿಟ್ಟು ಬಾಯಿಪಾಠ ಮಾಡಿದ್ದ ಮಾತು ಹೇಳಿದೆ.

“ನನ್ನ ಮನೆಯಲ್ಲಿ ನಾನೇ ಪರಕೀಯಳೇ? ಈ ನೀರಿಗಿಲ್ಲದ ಕೊಳೆ ನನಗೆಲ್ಲಿಂದ ಬಂತು?”

ಅಜ್ಜಿ ನನ್ನನ್ನು ಬಿಟ್ಟು ಅವ್ವನನ್ನು ಕೇಳಿದಳು.

“ಇಕಿಗೇನಾತು ಸುಶೀಲಾ? ಯಾರ ಮಾತೋ ಆಡ್ಲಿಕ್ಕತ್ತಾಳಲ್ಲ.”

ಅವ್ವನಿಗೆ ಅದು ಯಾರ ಮಾತೆಂದು ಗೊತ್ತಿತ್ತು. ಆ ಪುಟ ಅವಳು ಓದಿದ್ದಳು, ನನಗೆ ಹೇಳಿಯೂ ಇದ್ದಳು. ತಲೆ ತಗ್ಗಿಸಿ ರೊಟ್ಟಿ ತಿರುವಿದಳು. ಅಪ್ಪನ ಪರಿಸ್ಥಿತಿ ಬೇರೆ. ಅವನು ಶಾಲೆಯಲ್ಲಿ ಸುಧಾರಣೆಯ ಮಾತಾಡುವವನು, ಮನೆಯಲ್ಲಿ ಅಜ್ಜಿಯ ಎದುರು ಉಗುಳು ನುಂಗುವವನು. ಮಗಳು ಬಾಗಿಲು ತೆರೆದಳು, ಅವನು ನುಗ್ಗಿದ.

“ಹುಡುಗಿ ಹೇಳೋದ್ರಾಗ ತಪ್ಪೇನದ ಅವ್ವಾ? ಸಾಲ್ಯಾಗ ನಾನಽ ಇದನ್ನ ನೂರು ಸಲ ಹೇಳೀನಿ. ಇನ್ನ ಮ್ಯಾಲೆ ಈ ಮನ್ಯಾಗ ಯಾರೂ ದೂರ ಕೂಡೋದು ಬ್ಯಾಡ. ಇಂದೂನೂ ಬ್ಯಾಡ, ಅವರವ್ವನೂ ಬ್ಯಾಡ.”

ಅಜ್ಜಿ ಕೊಡವನ್ನು ಎತ್ತಿಕೊಂಡು ಹೋಗಿ ಹಿತ್ತಲ ತುಳಸಿಗೂ ಹಾಕದೆ ಬಚ್ಚಲಿಗೆ ಸುರಿದಳು. ಮತ್ತೆ ನೀರು ಸೇದುವಾಗ ನಡುನಡುವೆ ಹಗ್ಗ ಹಿಡಿದು ನಿಲ್ಲುತ್ತಿದ್ದಳು. ಸಿಟ್ಟಿನಿಂದ ಎಂದುಕೊಂಡೆ, ವಯಸ್ಸಿನಿಂದ ಇರಬಹುದು ಎಂದು ಹೊಳೆಯಲಿಲ್ಲ.

“ಆತಪ್ಪಾ ರಾಘೂ. ಮನಿ ನಿಂದು, ಮಾತು ನಿಂದು. ನನ್ನ ಒಲಿ ನಾ ಬ್ಯಾರೆ ಹೂಡ್ಕೋತೀನಿ.”

ಹಾಗೆಯೇ ಮಾಡಿದಳು. ಬಾವಿಯ ಕಡೆಯ ಜಗುಲಿಯಲ್ಲಿ ಮೂರು ಕಲ್ಲಿನ ಒಲೆ ಬಂತು, ಒಂದು ಪುಟ್ಟ ತಪ್ಪಲೆ ಬಂತು. ಅಜ್ಜಿ ಅಲ್ಲೇ ಒಬ್ಬಳ ಅನ್ನ ಬೇಯಿಸಿಕೊಂಡು ಉಣ್ಣತೊಡಗಿದಳು. ನಮ್ಮ ಜೊತೆ ಮಾತಾಡುತ್ತಿದ್ದಳು, ನಮ್ಮ ಅಡಿಗೆ ಮುಟ್ಟುತ್ತಿರಲಿಲ್ಲ. ಅವ್ವ ಆವತ್ತು ಏನೂ ಅನ್ನಲಿಲ್ಲ. ಅದನ್ನು ನಾನು ಸಂತೋಷ ಎಂದೇ ತಿಳಿದೆ, ಬಂಧನ ಕಳೆದ ಹೆಂಗಸಿಗೆ ಮಾತು ಹೊರಡುವುದಿಲ್ಲ ಎಂದು ಕಾದಂಬರಿಯಲ್ಲೂ ಬರೆದಿತ್ತು. ಮರುದಿನ ಹಾಲು ಹಾಕಲು ಬಂದ ಹನುಮವ್ವನಿಗೆ ನಾನೇ ಜಂಬದಿಂದ ಸುದ್ದಿ ಹೇಳಿದೆ. ಅವಳು ನೀರಮಾನ್ವಿಯ ಕಡೆಯವಳು, ಕುರಿ ಕಾಯುವ ಮನೆತನ.

“ಛಲೋ ಆತು ಬಿಡವ್ವ. ನಾವು ಹಂಗ ಕುಂತ್ರ ಕುರಿ ಯಾರು ಕಾಯ್ತಾರ, ತೋಳ ಕಾಯ್ತದೇನು?” ಎಂದು ನಕ್ಕಳು. ಆಮೇಲೆ ಒಳಗೆ ಬಗ್ಗಿ ಅವ್ವನನ್ನು ನೋಡಿ, “ಆದ್ರ ಅವ್ವಾರ ಇನ್ನ ಬೆನ್ನು ನೆಲಕ್ಕ ಹಚ್ಚೋದು ಯಾವಾಗ್ರಿ?” ಎಂದಳು.

ಅವ್ವ ಹಾಲಿನ ಪಾತ್ರೆ ಒಳಗೆ ಒಯ್ದಳು. ಹನುಮವ್ವನಿಗೆ ಒಂದೇ ನೋಟಕ್ಕೆ ಕಂಡದ್ದು ನನಗೆ ಕಾಣಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ನಾನು ಬಹಳ ಸುಖವಾಗಿದ್ದೆ. ಖೋಲಿಗೆ ಸುಣ್ಣ ಬಳಿಸಿ ಅಪ್ಪ ಅದನ್ನು ನನ್ನ ಓದಿಗೆ ಕೊಟ್ಟ, ಎಲ್ಲಿಂದಲೋ ಒಂದು ಕಾಲು ಕುಂಟುವ ಮೇಜು ತಂದ. ಮುಂದಿನ ವರ್ಷ ಹತ್ತನೇ ಪರೀಕ್ಷೆ, ಪಾಸಾದರೆ ರಾಯಚೂರಿನ ಕಾಲೇಜು. ಬೇವಿನ ಗಾಳಿ ನನಗೆ, ಕಿಟಕಿ ನನಗೆ, ಪುಸ್ತಕ ನನ್ನ ಮೇಜಿನ ಮೇಲೆ. ಅವ್ವ ಕಸಬರಿಗೆ ಹಿಡಿದು ಒಳಗೆ ಬಂದಾಗ ಮೇಜಿನ ಬಳಿ ಒಂದು ಕ್ಷಣ ನಿಲ್ಲುವಳು, ಕಂದು ಹೊದಿಕೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುವಳು, ಗುಡಿಸಿ ಹೋಗುವಳು. ತಿಂಗಳ ಮೂವತ್ತೂ ದಿನ ಅಡಿಗೆ ಅವಳದೇ ಆಗಿತ್ತು. ನಾನು ಗೆಳತಿಯರ ಮುಂದೆ, ನಮ್ಮವ್ವನನ್ನು ನಾನು ಬಿಡಿಸಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಸಂಜೆ ಅವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಕಾಲೇಜಿಗೆ ಕಳಿಸುವ ಮಾತು ಬಂತು. ನಾನು ಉತ್ಸಾಹದಿಂದ, ನಾನೂ ನಳಿನಿಯ ಹಾಗೆ ಒಂದೇ ಪೆಟ್ಟಿಗೆ ಹಿಡಿದು ರೈಲು ಹತ್ತುತ್ತೇನೆ, ಅವಳ ಹಾಗೆ ಹಿಂದೆ ತಿರುಗಿ ನೋಡುವುದೂ ಇಲ್ಲ, ಕೊನೆಯ ಪುಟದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದೆ. ಅವ್ವನ ಕೈ ನಿಂತಿತು.

“ನಾ ಇನ್ನೂ ಅಲ್ಲಿತನಕ ಬಂದಿದ್ದಿಲ್ಲವ್ವ,” ಎಂದಳು.

“ಎಲ್ಲಿತನಕ ಬಂದಿದ್ದಿ?”

“ಆಕಿ ಪರೀಕ್ಷಾಕ್ಕ ಹೋಗೋ ಹೊತ್ತಿಗೆ ಆಕಿ ಅವ್ವಗ ಜ್ವರ ಬಂದಿರ್ತಾವಲ್ಲ, ಅಲ್ಲಿ. ಏಳಲಿಕ್ಕಽ ಬರ್ತಿದ್ದಿಲ್ಲ ಅಂತ ಇತ್ತು.” ಸ್ವಲ್ಪ ತಡೆದು ಕೇಳಿದಳು. “ಆಕಿ ಅವ್ವಗ ಏನಾತು ಮುಂದ?”

“ಆರಾಮಾತು,” ಎಂದೆ ನಾನು ಥಟ್ಟನೆ.

“ಯಾರು ನೋಡ್ಕೊಂಡ್ರು?”

ನಾನು ಎದ್ದೆ. ಖೋಲಿಗೆ ಹೋಗಿ ಪುಸ್ತಕ ತೆಗೆದೆ. ಪರೀಕ್ಷೆಯ ಭಾಗ ಹುಡುಕಿದೆ. ನಳಿನಿಯ ತಾಯಿಗೆ ಜ್ವರ ಬರುವುದು ಮೂರೇ ಸಾಲಿನಲ್ಲಿ, ನಳಿನಿ ಪರೀಕ್ಷೆಗೆ ಹೋಗುವುದು ಎಷ್ಟು ಕಷ್ಟವಾಯಿತು ಎಂದು ಹೇಳುವುದಕ್ಕೆ. ಮುಂದೆ ಪರೀಕ್ಷೆ, ಫಲಿತಾಂಶ, ಮನೆಯಲ್ಲಿ ಜಗಳ, ರೈಲು. ಒಂದೊಂದೇ ಪುಟ ತಿರುವಿದೆ. ಆ ಜ್ವರದ ಮಾತು ಮತ್ತೆ ಎಲ್ಲೂ ಇಲ್ಲ. ಆ ಹೆಂಗಸು ಎದ್ದಳೋ, ಮಲಗಿದ್ದಲ್ಲೇ ಇದ್ದಳೋ, ಬರೆದವರು ಮರೆತುಬಿಟ್ಟಿದ್ದರು. ಇಡೀ ಪುಸ್ತಕದಲ್ಲಿ ಆ ತಾಯಿಗೆ ಒಂದು ಹೆಸರು ಕೂಡ ಇರಲಿಲ್ಲ. ಮೂರು ದಿನದಲ್ಲಿ ನಾನು ಅದನ್ನು ಹಾರಿಸಿಕೊಂಡು ಹೋಗಿದ್ದೆ. ನಮ್ಮ ಅವ್ವ ಐದು ತಿಂಗಳಿನಿಂದ, ರೊಟ್ಟಿ ಬಡಿಯುತ್ತ, ನೀರು ಸೇದುತ್ತ, ಆ ಜ್ವರದ ಹೆಂಗಸಿನ ಬಳಿಯೇ ನಿಂತಿದ್ದಳು. ಅವತ್ತು ನನಗೆ ಆದ ನಾಚಿಕೆ ಇಷ್ಟು ವರ್ಷಗಳಾದರೂ ಪೂರ್ತಿ ಇಳಿದಿಲ್ಲ.

ಸರಿಪಡಿಸುವುದು ಸುಲಭ ಎಂದುಕೊಂಡೆ. ಮರುದಿನ ಭಾನುವಾರ. ಅವ್ವನ ಕೈಗೆ ಪುಸ್ತಕ ಕೊಟ್ಟು, ನೀನು ಖೋಲಿಯಲ್ಲಿ ಕೂತು ಓದು, ಇವತ್ತು ಅಡಿಗೆ ನನ್ನದು ಎಂದೆ. ಅವ್ವ ನಕ್ಕು ಹೋಗಿ ಕೂತಳು. ನಾನು ಹೆಂಚು ಇಟ್ಟು ಮೊದಲನೆಯ ರೊಟ್ಟಿ ಎತ್ತುವಾಗ ಅದು ಮೂರು ತುಂಡಾಯಿತು. ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಕಳಿಸಿದೆ. ಅಪ್ಪ ಪಡಸಾಲೆಯಿಂದ ಚಹಾ ಕೇಳಿದ, ಅವ್ವ ಎದ್ದು ಬಂದಳು. ಮತ್ತೆ ಕಳಿಸಿದೆ. ಯಾರೋ ಬೀಸಣಿಕೆ ಕೇಳಿಕೊಂಡು ಬಂದರು, ಅವ್ವ ಎದ್ದು ಬಂದಳು. ನನಗೆ ಅಳು ಬಂತು.

“ಯಾಕ ಏಳ್ತೀ ಅವ್ವಾ? ಕೂಡು ಅಂದ್ರ ಯಾಕ ಕೂಡಂಗಿಲ್ಲ?”

“ಕೂಡ್ಲಿಕ್ಕೆ ಒಂದು ಕಾರಣ ಬೇಕಲ್ಲವಾ,” ಎಂದಳು ಅವ್ವ, ನನ್ನ ಕೈಯಿಂದ ಸೌಟು ತೆಗೆದುಕೊಳ್ಳುತ್ತ. “ಪುಸ್ತಕ ಓದ್ಲಿಕ್ಕೆ ಕೂತೀನಿ ಅಂದ್ರ ಓಣ್ಯಾಗ ಯಾರು ಕೇಳ್ತಾರ? ನಿಮ್ಮಪ್ಪ ಕೇಳ್ತಾರೇನು, ನಾನಽ ಕೇಳ್ತೀನೇನು? ದೂರ ಕೂತೀನಿ ಅಂದ್ರ ಯಾರೂ ಎಬ್ಬಸ್ತಿದ್ದಿಲ್ಲ. ನಾನೂ ಏಳ್ತಿದ್ದಿಲ್ಲ.” ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು. “ನೀ ಮಾಡಿದ್ದು ತಪ್ಪಲ್ಲ. ನಿನಗ ಅದು ಬ್ಯಾಡ. ನನಗ ಮಾತ್ರ ರೂಢಿ ಆಗಿತ್ತು.”

ಜಗುಲಿಯಲ್ಲಿ ಅಜ್ಜಿ ತನ್ನ ಮೂರು ಕಲ್ಲಿನ ಒಲೆಯನ್ನು ಊದುತ್ತಿದ್ದಳು. ಊದುಕೊಳವೆ ನಿಂತದ್ದು ನನಗೆ ಕೇಳಿಸಿತು. ಆಮೇಲೆ ಅಜ್ಜಿ ಮತ್ತೆ ಊದತೊಡಗಿದಳು.

ಎರಡು ದಿನ ಕಳೆದು ಬುಧವಾರ ಬೆಳಿಗ್ಗೆ ಅವ್ವ ಬಾವಿಗೆ ಕೊಡ ಇಳಿಸುವಾಗ ಅಜ್ಜಿ ಅಡ್ಡ ಬಂದು ನಿಂತಳು. ಅಪ್ಪ ಅಲ್ಲೇ ಹಲ್ಲು ಉಜ್ಜುತ್ತಿದ್ದ, ನಾನು ಖೋಲಿಯ ಬಾಗಿಲಲ್ಲಿದ್ದೆ.

“ಸುಶೀಲಾ, ಹಗ್ಗ ಬಿಡು. ನೀ ಇವತ್ತಿನಿಂದ ದೂರ.”

ಅವ್ವ ಗಾಬರಿಯಾದಳು. ಹದಿನೈದು ದಿನಗಳ ಹಿಂದಷ್ಟೇ ಅವಳಿಗೆ ಆಗಿತ್ತು, ಅದು ನನಗೂ ಗೊತ್ತಿತ್ತು, ಏಕಾದಶಿಯನ್ನು ಬೆರಳಲ್ಲಿ ಹಿಡಿದಿಡುವ ಅಜ್ಜಿಗೆ ಗೊತ್ತಿರದೆ ಇರುತ್ತದೆಯೆ?

“ಅಲ್ರೀ ಅತ್ತೀ, ಇನ್ನೂ…” ಎಂದು ಶುರು ಮಾಡಿದ ಅವ್ವ ಅಪ್ಪನನ್ನು ನೋಡಿ ನಾಚಿ ಸುಮ್ಮನಾದಳು.

“ಅವ್ವಾ, ಅದನ್ನೆಲ್ಲ ಬಿಟ್ಟೀವಲ್ಲ,” ಎಂದ ಅಪ್ಪ, ಬಾಯಲ್ಲಿ ಇದ್ದದ್ದನ್ನು ಉಗುಳಿ.

“ನೀ ಬಿಟ್ಟೀಯಪ್ಪ, ನಾ ಎಲ್ಲೆ ಬಿಟ್ಟೀನಿ? ನಾ ಈ ಕಟ್ಟೀ ಮ್ಯಾಲೆ ಮಡೀಲೆ ಓಡಾಡಾಕಿ. ಇಕಿ ಇಲ್ಲೆಲ್ಲ ಮುಟ್ಟಿದ್ರ ನನಗ ನಡ್ಯಂಗಿಲ್ಲ. ಮೂರು ದಿನ ಖೋಲ್ಯಾಗ ಕೂಡ್ಲಿ. ಹೆಂಗಸರ ಎಣಿಕಿ ನಿನಗ್ಯಾಕ? ನೀ ಹೋಗಿ ನಿನ್ನ ಗಣಿತ ಹೇಳು.”

ಅಪ್ಪ ಸುಧಾರಕನಾಗಿದ್ದರೂ ಆ ಎಣಿಕೆಯನ್ನು ಬಾಯಿಬಿಟ್ಟು ಕೇಳುವಷ್ಟು ಸುಧಾರಿಸಿರಲಿಲ್ಲ. ತಂಬಿಗೆ ಹಿಡಿದು ಒಳಗೆ ಹೋದ. ಅಜ್ಜಿ ನನ್ನ ಕಡೆ ತಿರುಗಿ, ನಿನ್ನ ಪಾಟಿ ಚೀಲ ಎತ್ತಿಕೊಂಡು ಪಡಸಾಲೆಗೆ ನಡೆ, ಪುಸ್ತಕ ಅಲ್ಲೇ ಬಿಡು ಎಂದಳು. ಆವತ್ತಿನಿಂದ ಮೂರು ದಿನ ಅವಳು ಅಡಿಗೆ ಮನೆಯ ದೊಡ್ಡ ಒಲೆಯ ಮೇಲೆ ಎಲ್ಲರಿಗೂ ಬೇಯಿಸಿದಳು, ನಮ್ಮ ಜೊತೆಯೇ ಕೂತು ಉಂಡಳು. ಜಗುಲಿಯ ಮೂರು ಕಲ್ಲು ಮತ್ತೆ ಹೊಗೆ ಕಾಣಲಿಲ್ಲ, ಯಾರೂ ಅದರ ಮಾತೆತ್ತಲಿಲ್ಲ. ನನ್ನನ್ನು ಅವಳು ಮತ್ತೆ ಯಾವತ್ತೂ ದೂರ ಕೂಡಿಸಲಿಲ್ಲ. ಅವ್ವನನ್ನು ಮಾತ್ರ ತಿಂಗಳಿಗೊಮ್ಮೆ, ತನಗೆ ತೋಚಿದಾಗ, ದೂರ ಎಂದುಬಿಡುವಳು. ನಾನು ರಾಯಚೂರಿಗೆ ಬಂದ ಮೇಲೂ, ಅವ್ವನಿಗೆ ಅದು ನಿಂತುಹೋ‌ದ ಮೇಲೂ ಹಾಗೇ ಹೇಳುತ್ತಿದ್ದಳಂತೆ. ಸಾಯುವವರೆಗೆ ಒಂದು ಸುಳ್ಳೂ ಹೇಳದವಳು ನಮ್ಮ ತಾಯಿ ಎಂದು ಅಪ್ಪ ಬಂದವರ ಮುಂದೆ ಹೊಗಳುವಾಗ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಆ ಮೊದಲ ಸಲದ ಮೂರನೆಯ ದಿನ ನಾನು ಶಾಲೆಯಿಂದ ಬಂದಾಗ ಇಳಿಹೊತ್ತು. ಅವ್ವ ಕಿಟಕಿಯ ಬಳಿ ಕೂತು ಜೋರಾಗಿ ಓದುತ್ತಿದ್ದಳು. ಹೊಸ್ತಿಲಿನಿಂದ ಎರಡು ಮಾರು ದೂರದಲ್ಲಿ, ನಾನು ಕೂಡುತ್ತಿದ್ದ ಜಾಗದಲ್ಲಿ, ಅಜ್ಜಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಬರುತ್ತಿದ್ದದ್ದೆಲ್ಲ ಬಾಯಿಪಾಠ. ರೈಲು ಹೊರಟಿತು, ನಳಿನಿ ಹಿಂದೆ ತಿರುಗಿ ನೋಡಲಿಲ್ಲ. ಅವ್ವ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

“ಛಲೋ ಬರದಾರ,” ಎಂದಳು. ಆಮೇಲೆ ನನ್ನನ್ನು ನೋಡಿದಳು. “ಆದ್ರ ಆಕಿ ಅವ್ವನ ಜ್ವರದ ಮಾತು ಎಲ್ಲೂ ಬರಲೇ ಇಲ್ಲಲ್ಲ ಇಂದೂ. ಆರಾಮಾತು ಅಂದಿದ್ದಿ ನೀ.”

ಅಜ್ಜಿ ಬೇಳೆಯಲ್ಲಿದ್ದ ಒಂದು ಕಲ್ಲನ್ನು ಆರಿಸಿ ಆಚೆ ಎಸೆದು ಕೇಳಿದಳು.

“ಆ ಮನ್ಯಾಗ ಅತ್ತಿ ಇದ್ಳೇನು?”

“ಇದ್ಳು ಅಂತ್ರಿ. ಮೂಲ್ಯಾಗ ಕೂತು ಜಪ ಮಾಡ್ತಿದ್ಳು ಅಂತ ಒಂದು ಸಾಲು ಬರದಾರ, ಅಷ್ಟ.”

“ಇದ್ಳಲ್ಲ,” ಎಂದಳು ಅಜ್ಜಿ, ಬೇಳೆಯನ್ನು ಮತ್ತೆ ಕೇರುತ್ತ. “ಹಂಗಾದ್ರ ಆರಾಮಾಗಿರ್ತಾಳ ಬಿಡು.”